ಮೇಣದ ಮೇಲೆ ಮೂರು ನಿಮಿಷ

ಮಾರ್ಚ್ 3, ಸೋಮವಾರ

ಇವತ್ತೂ ದನಿ ಮುದ್ರಿಸುವ ಏಳು ಮೇಣದ ತಟ್ಟೆ ಹಾಳು. ಇವರು ತಗಡಿನ ಕಹಳೆಯೊಳಗೆ ಮುಖವಿಟ್ಟು ಕಿರುಚುವುದು, ನಾನು ಹಿಂದೆ ನಿಂತು ವಾಚು ನೋಡಿ ಭುಜ ತಟ್ಟುವುದು. ರೆಕಾರ್ಡಿನ ಒಂದು ಬದಿಗೆ ಮೂರೇ ನಿಮಿಷ. ಅಷ್ಟರೊಳಗೆ ಕಥೆಯ ಆನೆ ಮೆಟ್ಟಿಲು ಹತ್ತಿ ಮುಗಿಸಬೇಕು. ಅದು ಮೂರನೇ ಮೆಟ್ಟಿಲಲ್ಲೇ ನಿಂತಿದೆ. ಇವರಿಗೆ ಮುಂದಿನದು ಮರೆತುಹೋಗಿದೆ.

ಪುಸ್ತಕ ನೋಡಿ ಓದುವ ಹಾಗಿಲ್ಲ. ಹಾಳೆಯ ಸರಸರವೂ ಮೇಣದಲ್ಲಿ ಕೂತುಬಿಡುತ್ತದಂತೆ. ಯಂತ್ರ ನೋಡಿಕೊಳ್ಳುವವನ ಕಟ್ಟಪ್ಪಣೆ. ಮೇಣದಣ್ಣ ಎಂದು ಅವನಿಗೆ ಹೆಸರಿಟ್ಟಿದ್ದಾಳೆ ನಮ್ಮ ಪುಟ್ಟಿ.

"ನಿಮ್ಮ ಕಥೇನೇ ಅಲ್ವಾ ಸಾರ್? ಮಕ್ಕಳೆಲ್ಲ ಬಾಯಿಪಾಠ ಹೇಳ್ತಾವೆ," ಅಂದ. ಪಾಪ, ಅವನಿಗೇನು ಗೊತ್ತು.

ಪುಟ್ಟಿಗೆ ಊಟ ಮಾಡಿಸುತ್ತ ಕಥೆ ಹೇಳುವವಳು ನಾನು, ಪಕ್ಕದ ಕೋಣೆಯಲ್ಲಿ ಕೂತು ಬರೆದುಕೊಳ್ಳುವವರು ಇವರು. ನಾಲ್ಕು ಪುಸ್ತಕ ಹೀಗೇ ಆಯಿತು. ಬರೆದದ್ದು ಕೈ. ನಾಲಿಗೆಗೆ ಹೇಗೆ ಬಂದೀತು?

ಮಾರ್ಚ್ 4

ಬೆಳಿಗ್ಗೆ ಮತ್ತೆ ಮೂರು ತಟ್ಟೆ ಹೋಯಿತು. ಇವರು ಸಿಡಿಮಿಡಿ — ಕಹಳೆ ಸರಿಯಿಲ್ಲ, ಕೋಣೆ ಸೆಕೆ, ನಾನು ಭುಜ ಜೋರಾಗಿ ತಟ್ಟಿದೆ. ಮೇಣದಣ್ಣ ಅಂದ, "ಅಮ್ಮಾ, ಯಂತ್ರದ್ದೇ ತಪ್ಪೋ ಏನೋ, ನೋಡೇಬಿಡೋಣ. ನೀವೊಂದ್ಸಲ ಹೇಳಿ."

ಹೇಳಿದೆ. ಕಣ್ಣು ಮುಚ್ಚಿಕೊಂಡೆ, ಪುಟ್ಟಿ ಎದುರಿಗಿದ್ದಾಳೆ ಅಂದುಕೊಂಡೆ. ಯಾರೂ ಭುಜ ತಟ್ಟಲಿಲ್ಲ. ಎರಡು ನಿಮಿಷ ಐವತ್ತನಾಲ್ಕು ಸೆಕೆಂಡು. ಆನೆ ಮಾಳಿಗೆ ಮೇಲೆ.

"ಇದನ್ನೇ ರೆಕಾರ್ಡಿನ ಅಚ್ಚಿಗೆ ಕಳಿಸಬಹುದು ಸಾರ್," ಅಂದ ಮೇಣದಣ್ಣ.

ಇವರು ತಟ್ಟೆಯನ್ನೇ ನೋಡಿದರು. ಆಮೇಲೆ ನಗುತ್ತ, "ಹಾಕಿ ಕೇಳಿಸಪ್ಪ. ಅವಳ ದನಿ ಅವಳೇ ಕೇಳಿಲ್ಲ. ಆಸೆ ಇರುತ್ತಲ್ವೇನೇ?"

"ಸಾರ್, ಈಗಲೇ ಹಾಕಿದ್ರೆ—"

"ಗೊತ್ತಪ್ಪ, ಹಾಕು."

ಮೇಣದಣ್ಣ ನನ್ನ ಕಡೆ ತಿರುಗಿದ. "ನಿಜವಾಗ್ಲೂ ಕೇಳ್ಬೇಕಾ ಅಮ್ಮಾ?" ಅವನಿಗೆ ಸೋಮಾರಿತನ ಅಂದುಕೊಂಡೆ. ಹೌದು ಅಂದೆ.

ಕೇಳಿದೆ. ಎಷ್ಟು ಚೆನ್ನಾಗಿತ್ತು... ನನ್ನದೇ ಅಂತ ನಂಬಲು ಆಗಲಿಲ್ಲ. ಮದುವೆಯಾಗಿ ಹತ್ತು ವರ್ಷದಲ್ಲಿ ಮೊದಲ ಸಲ ಇವರ ಮೇಲೆ ಪ್ರೀತಿ ಉಕ್ಕಿತು. ಬರೆಯಲು ನಾಚಿಕೆ, ಆದರೂ ನಿಜ.

ಮಾರ್ಚ್ 5

ಸ್ಕೂಲು ಬಿಟ್ಟ ಮೇಲೆ ಪುಟ್ಟಿಯನ್ನು ಕರೆದುಕೊಂಡು ಹೋದೆ. ಇನ್ನೊಂದು ಸಲ ಹಾಕಪ್ಪ, ಇವಳೂ ಕೇಳಲಿ ಅಂದೆ.

ಮೇಣದಣ್ಣ ತಲೆ ಎತ್ತಲಿಲ್ಲ. "ಅದೆಲ್ಲಿದೆ ಅಮ್ಮಾ? ಮೇಣದ ಮೇಲೆ ಒಂದ್ಸಲ ಮುಳ್ಳು ಓಡಿದ್ರೆ ಗೆರೆ ಎಲ್ಲಾ ಸವೆದುಹೋಗುತ್ತೆ. ಅಚ್ಚಿಗೆ ಬರಲ್ಲ. ನಿನ್ನೇನೇ ಕೆರೆದು ನುಣ್ಣಗೆ ಮಾಡಿಟ್ಟೆ. ಸಾರ್‌ಗೆ ಮೊದಲನೇ ದಿನಾನೇ ಹೇಳಿದ್ನಲ್ಲ... ನಿಮಗೂ ಗೊತ್ತಿದೆ ಅಂದ್ಕೊಂಡೆ."

ತಟ್ಟೆ ತೋರಿಸಿದ. ಕನ್ನಡಿ ಹಾಗಿತ್ತು.

ಮನೆಗೆ ಬಂದು ಇವರನ್ನು ಕೇಳಿದೆ. ಪೇಪರ್ ಮಡಿಸದೆ ಅಂದರು, "ಕೇಳ್ಬೇಕು ಅಂದೋಳು ನೀನೇ ತಾನೆ?"

ಹೌದು. ನಾನೇ.

ಮಾರ್ಚ್ 19

ಆನೆಯ ಕಥೆ ಹೇಳುವುದನ್ನು ಇವರಿಗೆ ಕಲಿಸುತ್ತಿದ್ದೇನೆ. ಆಗುವುದಿಲ್ಲ ಎಂದಿದ್ದೆ. ಎರಡು ದಿನ ಊಟ ಬಿಟ್ಟು ಮುಖ ಊದಿಸಿಕೊಂಡು ಕೂತರು. ಅಪ್ಪ ಸತ್ತುಹೋಗ್ತಾರಾ ಅಂತ ಪುಟ್ಟಿ ಅತ್ತಳು. ಎರಡು ದಿನದ ಊಟ ಬಿಟ್ಟರೆ ಆ ಹೊಟ್ಟೆಗೆ ಏನೂ ಆಗುವುದಿಲ್ಲ ಎಂದು ಮಗುವಿಗೆ ಹೇಗೆ ಹೇಳಲಿ?

ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ದನಿ ಇಳಿಸಬೇಕು — ಎಲ್ಲ ಬೇಕಂತೆ. ಮೈನಾ ಹಕ್ಕಿಗೆ ಕಲಿಸುವುದು ಇದಕ್ಕಿಂತ ಸುಲಭ. ಅದು ಕೊನೆಗೆ ತನ್ನದು ಅನ್ನುವುದಿಲ್ಲ.

ಮೇ 30

ರೆಕಾರ್ಡು ಬಂತು. ಲೇಬಲ್ ಮೇಲೆ ಇವರ ಹೆಸರು ಎರಡು ಸಲ, ಬರೆದವರು ಎಂದೊಂದು, ಹೇಳಿದವರು ಎಂದೊಂದು. ಮನೆಯ ಹಾಲ್ ತುಂಬ ಜನ ಕೂತು ಕೇಳಿದರು. ನನ್ನ ಉಸಿರು, ನನ್ನ ನಿಲುಗಡೆ, ಇವರ ಗಂಟಲು. ಪುಟ್ಟಿಯ ಸ್ಕೂಲಿನ ಹೆಡ್‌ಮಾಸ್ಟರ್ ಕಣ್ಣೊರೆಸಿಕೊಂಡರು. ನಾನು ಕಾಫಿ ಲೋಟ ಎತ್ತಿದೆ.

ಜೂನ್ 8, ಭಾನುವಾರ

ಮಧ್ಯಾಹ್ನ ಪುಟ್ಟಿಗೆ ಜಡೆ ಹಾಕುತ್ತ ಆನೆಯ ಕಥೆ ಹೇಳುತ್ತಿದ್ದೆ. ತಲೆ ಕೊಡವಿದಳು. "ಹಾಗಲ್ಲಮ್ಮ, ತಪ್ಪು ಹೇಳ್ತಿದೀಯ. ರೆಕಾರ್ಡಲ್ಲಿ ಹಾಗಿಲ್ಲ. ಅಪ್ಪ ಹೇಳೋ ಥರ ಹೇಳು."

ಜಡೆ ಅರ್ಧಕ್ಕೆ ಬಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಮಗುವಿನ ಮೇಲೆ ಸಿಟ್ಟು ಬಂತು. ಎಂಟು ವರ್ಷದ ಮಗುವಿನ ಮೇಲೆ. ಅದಕ್ಕೇ ಹೆಚ್ಚು ಅಳು ಬಂತು.

ಜೂನ್ 22, ಸಂಜೆ 5

ಕಂಪನಿಯವರಿಗೆ ಹೊಸ ಕಥೆ ಬೇಕಂತೆ. ಇವರು ನೋಟ್‌ಬುಕ್ ತೆರೆದು ಹಾಲ್‌ನಲ್ಲಿ ಕೂತಿದ್ದಾರೆ. ನನ್ನ ಹತ್ತಿರ ಕಥೆ ಮುಗಿಯಿತು ಎಂದೆ. ಸುಳ್ಳು. ಒಂದಿದೆ, ಕೆಮ್ಮುವ ಗಡಿಯಾರದ್ದು. ಹೋದ ವರ್ಷ ಪುಟ್ಟಿ ಕೆಮ್ಮಿ ಕೆಮ್ಮಿ ಮಲಗಿದ್ದಾಗ ಅವಳ ಕಿವಿಯಲ್ಲಷ್ಟೇ ಹೇಳಿದ್ದು. ಇವರು ಆಗ ಊರಲ್ಲಿರಲಿಲ್ಲ. ಅದನ್ನು ಕೊಡುವುದಿಲ್ಲ. ಪ್ರಾಣ ಹೋದರೂ ಕೊಡುವುದಿಲ್ಲ.

5.20

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹಾಲ್‌ನಲ್ಲಿ ಇವರು ಪುಟ್ಟಿಯನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದಾರೆ. "ಅಮ್ಮ ನಿಂಗೊಬ್ಬಳಿಗೇ ಹೇಳಿರೋದು ಯಾವುದಾದ್ರೂ ಇದ್ಯಾ ಕಂದ?"

ಇದೆ ಅಂದಳು. ಎಷ್ಟು ಹೆಮ್ಮೆ ಆ ದನಿಯಲ್ಲಿ.

ಹೇಳುತ್ತಿದ್ದಾಳೆ. ಪೆನ್ನಿನ ಸದ್ದು ಇಲ್ಲಿಗೆ ಕೇಳುತ್ತದೆ. ಗಡಿಯಾರ ಕೆಮ್ಮಿತು, ಊರೆಲ್ಲ ನಕ್ಕಿತು... ಪರವಾಗಿಲ್ಲ, ಚೆನ್ನಾಗಿ ಹೇಳುತ್ತಾಳೆ. ನಾಚಿಕೆಯಾಗಿ ಗಡಿಯಾರ ಉಸಿರು ಬಿಗಿಹಿಡಿಯುತ್ತದೆ, ಅದು ಉಸಿರು ಬಿಡುವತನಕ ಊರಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ — ಅಯ್ಯೋ, ಅದನ್ನು ಬಿಟ್ಟೇಬಿಟ್ಟಳು. ನೇರ ಕೊನೆಗೆ ಹಾರಿದಳು. ಇವರು ಬರೆದುಕೊಂಡೂ ಆಯಿತು. ಹಾಗಲ್ಲ ಅದು. ಅದಿಲ್ಲದೆ ಕಥೆಯೇ ಅಲ್ಲ. ಹಾಗೇ ಅಚ್ಚಾಗಿ ಹೋದರೆ... ಒಂದು ಮಾತು ಅಷ್ಟೇ, ಎದ್ದು ಹೋಗಿ ಅದೊಂದು ಹೇಳಿ—