ಒತ್ತಕ್ಷರ ಕಳೆದುಕೊಂಡ ವರ್ಗಾವಣೆ ಪತ್ರ

ಮಾನ್ಯ ಪ್ರಾಚಾರ್ಯರೇ,

ಇಂದು ಜುಲೈ ಹದಿನಾಲ್ಕು, ಸೋಮವಾರ. ಈ ಪತ್ರದ ಉದ್ದೇಶ ಒಂದೇ: ತಮ್ಮ ಕಚೇರಿಯಿಂದ ನನ್ನ ವರ್ಗಾವಣೆ ಪತ್ರವನ್ನು ನನ್ನ ಹೆಸರಿನಲ್ಲಿಯೇ ಪಡೆಯುವುದು. ಮೂರು ಅರ್ಜಿ ಕೊಟ್ಟರೂ ಅದು ಸಾಧ್ಯವಾಗದ್ದರಿಂದ ನಾಲ್ಕನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಕಚೇರಿಯ ಕಂಪ್ಯೂಟರುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಬೇಕೇ ಬೇಡವೇ ಎಂದು ತಾವು ಮೂವರು ತಜ್ಞರ ಅಭಿಪ್ರಾಯ ಕೇಳಿದಿರಿ. ಗಂಗಾವತಿಯವರು, ಹಳೆಯದಕ್ಕೆ ಇನ್ನು ರಕ್ಷಣೆಯಿಲ್ಲ, ತಕ್ಷಣ ಹಾಕಿ ಎಂದರು. ಕುಷ್ಟಗಿಯವರು, ಒಂದು ವರ್ಷ ಕಾಯಿರಿ, ಮೊದಲು ಬೇರೆಯವರು ಹಾಕಿಕೊಂಡು ಅನುಭವಿಸಲಿ ಎಂದರು. ಯಲಬುರ್ಗಾದವರು ಇಬ್ಬರ ಮಾತೂ ಸರಿ ಎಂದರು. ತಾವು ಯಾರ ಮನಸ್ಸನ್ನೂ ನೋಯಿಸಲಿಲ್ಲ. ಮೇ ತಿಂಗಳಲ್ಲಿ ಹೊಸದನ್ನು ಹಾಕಿಸಿದಿರಿ. ಒಂದು ವರ್ಷ ಕಾಯಲು ವಿದ್ಯಾರ್ಥಿಗಳಿಗೆ ಹೇಳಿದಿರಿ.

ಹೊಸ ಸಿಸ್ಟಂಗೆ ಕಚೇರಿಯ ಕನ್ನಡ ಅಕ್ಷರಗಳು ಒಗ್ಗಲಿಲ್ಲ. ಒತ್ತಕ್ಷರಗಳೆಲ್ಲ ಕೆಳಗಿನಿಂದ ಎದ್ದು ಸಾಲಿನಲ್ಲಿ ಕುಳಿತವು. ಸಮಾನತೆಯ ದೃಷ್ಟಿಯಿಂದ ಇದನ್ನು ಸ್ವಾಗತಿಸಬಹುದಿತ್ತು. ಆದರೆ ತಮ್ಮ ಕಚೇರಿ ಕೊಟ್ಟ ವರ್ಗಾವಣೆ ಪತ್ರದ ಪ್ರಕಾರ ನಾನು ‘ಕೊಪಪಳ’ ತಾಲೂಕಿನ ‘ಇರಕಲಲಗಡ’ದವಳು, ‘ಪರಥಮ ಶರೇಣಿ’ಯಲ್ಲಿ ಪಾಸಾದವಳು. ನನ್ನ ತಂದೆ ಗುರುಬಸವ ಪಾರಾಗಿದ್ದಾರೆ. ಅವರ ಹೆಸರಿನಲ್ಲಿ ಒತ್ತಕ್ಷರವಿಲ್ಲ. ದಾನೇಶ್ವರಿಯಾದ ನಾನು ಮಾತ್ರ ‘ದಾನೇಶವರಿ’. ಹೆಸರಿನ ನಡುವೆ ಒಂದು ಶವ ಮಲಗಿದೆ. ಮೂರು ವರ್ಷವೂ ಇಡೀ ಕಾಲೇಜಿಗೆ ಮೊದಲಿಗಳಾಗಿ ಬಂದದ್ದು ಇದಕ್ಕಾಗಿಯೇ?

ಕಳೆದ ಗುರುವಾರ ಕಚೇರಿಯಲ್ಲಿ ಗಂಗಾವತಿಯ ಆ ತಜ್ಞ ಪ್ರಭುರಾಜ ಅವರೇ ಸಿಕ್ಕರು.

“ದೋಷ ಸಿಸ್ಟಂದಲ್ಲ ತಂಗಿ. ಗಂಗಾವತಿ, ಕಾರಟಗಿ ಎಲ್ಲಾ ಸರಿ ಬರಾಕತ್ತಾವ. ನಿನ್ನ ಹೆಸರ ಭಾಳ ತೊಡಕಿಂದೈತಿ. ಸುನಿತಾ ಅಂತ ಇಟ್ಟಿದ್ರ ಇಷ್ಟೊತ್ತಿಗೆ ಎಂ.ಎಸ್ಸಿ.ಗೆ ಧಾರವಾಡದಾಗ ಇರ್ತಿದ್ದಿ ನೋಡು.”

“ನಿಮ್ಮ ಹೆಸರು ತೊಡಕಿಲ್ಲೇನ್ರಿ ಸರ?” ಎಂದೆ.

ಗುಮಾಸ್ತೆ ಶೇಖರಮ್ಮ ಯಾರೂ ಹೇಳದೆಯೇ ಅವರ ಹೆಸರನ್ನು ಟೈಪ್ ಮಾಡಿ ಹಾಳೆ ತೆಗೆದು ಕೊಟ್ಟರು: ‘ಪರಭುರಾಜ’.

“ನಂದು ಓದಿದ್ರ ತಿಳೀತೈತಿ ಬಿಡ್ರಿ.”

“ಹಂಗಾದ್ರ ನಿಮ್ಮ ಬಿಲ್ಲಿಗೂ ಇದ ಹೆಸರ ಹಾಕ್ಲೇನ್ರಿ?” ಎಂದರು ಶೇಖರಮ್ಮ.

“ಅಯ್ಯ, ಬ್ಯಾಡ್ರಿ ಅಕ್ಕಾರ. ಬಿಲ್ ಪಾಸಾಗಂಗಿಲ್ಲ.”

ತಜ್ಞರ ಅಭಿಪ್ರಾಯಗಳಲ್ಲಿ ನಾನು ಪೂರ್ಣವಾಗಿ ಒಪ್ಪುವುದು ಇದೊಂದನ್ನೇ.

ಅವರು ಹೋದ ಮೇಲೆ ಶೇಖರಮ್ಮ ಹೇಳಿದರು: “ಹಳೇ ಸಿಸ್ಟಂ ಇರೋ ಒಂದು ಕಂಪ್ಯೂಟರ್ ಗೋದಾಮಿನಾಗ ಇನ್ನೂ ಛಲೋ ಐತವ್ವ. ಆದ್ರ ಚಾಲೂ ಮಾಡಬ್ಯಾಡ್ರಿ ಅಂತ ಪ್ರಾಚಾರ್ಯ ಸಾಹೇಬರು ಬರದು ಕೊಟ್ಟಾರ.”

ಧಾರವಾಡದಲ್ಲಿ ಎಂ.ಎಸ್ಸಿ. ಗಣಿತದ ಸೀಟಿಗೆ ನನ್ನ ದಾಖಲೆ ಪರಿಶೀಲನೆ ಇದೇ ಇಪ್ಪತ್ತೊಂದರಂದು. ಹೆಸರು ಹೊಂದದಿದ್ದರೆ ಸೀಟು ನನ್ನ ಹಿಂದಿನವರಿಗೆ ಹೋಗುತ್ತದೆ. ಶುಕ್ರವಾರ ತಮ್ಮಿಂದ ಪರಿಹಾರವೂ ಬಂತು: ‘ದಾನೇಶವರಿ ಎಂಬುದೇ ನನ್ನ ನಿಜವಾದ ಹೆಸರು’ ಎಂದು ನಾನು ನೋಟರಿಯ ಮುಂದೆ ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕಂತೆ. ತರ್ಕ ಸ್ಪಷ್ಟವಾಗಿದೆ. ಯಂತ್ರ ತಿದ್ದಿಕೊಳ್ಳಲಾರದು, ಆದ್ದರಿಂದ ಮನುಷ್ಯಳು ತಿದ್ದಿಕೊಳ್ಳಬೇಕು. ಹಾಗಿದ್ದರೆ ಕೊಪ್ಪಳವೂ ಅಫಿಡವಿಟ್ ಕೊಡಬೇಕಲ್ಲವೇ? ಅದರ ಪರವಾಗಿ ಸಹಿ ಮಾಡುವವರು ಯಾರು? ತಾವೇ?

ನನ್ನ ಬೇಡಿಕೆ ಚಿಕ್ಕದು. ಬರುವ ಶುಕ್ರವಾರದೊಳಗೆ ಆ ಹಳೆಯ ಕಂಪ್ಯೂಟರನ್ನು ಹತ್ತು ನಿಮಿಷ ಚಾಲೂ ಮಾಡಿಸಿ. ಅದೂ ಆಗದಿದ್ದರೆ ತಾವೇ ಪೆನ್ನು ಹಿಡಿದು ಬರೆದು ಮೊಹರು ಒತ್ತಿ ಕೊಡಿ. ಪೆನ್ನಿಗೆ ತಜ್ಞರ ಅಭಿಪ್ರಾಯ ಬೇಕಿಲ್ಲ.

ಅಫಿಡವಿಟ್ಟಿಗೆ ನಾನು ಸಹಿ ಮಾಡುವುದಿಲ್ಲ.

ಇಂತಿ,
ಸದ್ಯಕ್ಕೆ ಕೈಬರಹದಲ್ಲಿ ಮಾತ್ರ,
ದಾನೇಶ್ವರಿ