ಹೂದಾನಿಯ ತಳ ನೋಡಿದ ಅಕ್ಕನಿಗೆ

ಅಕ್ಕಾ,

ನೀನು ಸ್ನಾನಕ್ಕೆ ಹೋಗಿದ್ದೀಯ, ನನಗೆ ಹಳೇ ಸಾಮಾನಿನ ಅಂಗಡಿ ತೆಗೆಯೋ ಹೊತ್ತಾಯ್ತು. ಅದಕ್ಕೇ ಈ ಚೀಟಿ.

ಆನ್‌ಲೈನಲ್ಲಿ ತರಿಸಿದ ಚೀನಾ ಹೂದಾನಿ ಅಡುಗೆಮನೆ ಕಟ್ಟೆ ಮೇಲಿದೆ. ಕೈತಪ್ಪಿ ಒಡೆದರೂ ಚಿಂತೆಯಿಲ್ಲ, ಅದು ಇನ್ನೂರು ವರ್ಷ ಹಳೇದಲ್ಲ. ನೀನು ಹೇಳಿದ್ದೇ ಸರಿ. ತಳದ ಕಂದು ಕೊಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಬಣ್ಣದ ಹಾಗೆ ಬಿಟ್ಟುಬಂತು. ಭೂತಗನ್ನಡಿ ಹಿಡಿದು ನೋಡಿದರೆ ಗೀರುಗಳೆಲ್ಲ ಒಂದೇ ಕಡೆಗೆ ಇವೆ. ಬಳಸಿ ಸವೆದದ್ದಲ್ಲ, ಸ್ಯಾಂಡ್‌ಪೇಪರಲ್ಲಿ ಉಜ್ಜಿದ್ದು.

ನಿನ್ನೆ ನೀನು, "ದಿನವಿಡೀ ಲ್ಯಾಬಲ್ಲಿ ಪಿಂಗಾಣಿ ಹಲ್ಲು ಮಾಡೋಳಿಗೆ ಸವೆದದ್ದು ಯಾವುದು, ಉಜ್ಜಿದ್ದು ಯಾವುದು ಅಂತ ಗೊತ್ತಾಗಲ್ವೇನೋ?" ಅಂದಾಗ ನಾನು ಮುಖ ಊದಿಸಿಕೊಂಡೆ. "ತಳದಲ್ಲಿ ಚೀನಾ ಚಕ್ರವರ್ತಿಯ ಮುದ್ರೆ ಇದೆಯಲ್ಲ" ಅಂತ ವಾದ ಬೇರೆ. ಮುದ್ರೆಯನ್ನು ಯಾರು ಬೇಕಾದರೂ ಬರೀಬಹುದು, ನನಗೇ ಹೊಳೀಲಿಲ್ಲ.

ಸಂಗೀತದ ಮೇಷ್ಟ್ರು ಅದನ್ನು ಇವತ್ತು ಒಯ್ಯೋರಿದ್ದರು. ಅಪ್ಪನ ಕಾಲದಿಂದ ನಮ್ಮ ಮಾತು ನಂಬಿ ಕೊಂಡವರು. ಈಗ ತಾನೇ ಫೋನ್ ಮಾಡಿ, "ಇದು ಹೊಸದು ಮೇಷ್ಟ್ರೇ, ನಾನೇ ಮೋಸಹೋದೆ" ಅಂತ ಹೇಳಿಬಿಟ್ಟೆ. ಅದಕ್ಕವರು, "ನಿಮ್ಮಪ್ಪ ಇದ್ದಿದ್ದರೂ ಹೀಗೇ ಫೋನ್ ಮಾಡ್ತಿದ್ದರು" ಅಂದರು. ಆ ಮಾತು ನಿನಗೆ ಸೇರಬೇಕಾದದ್ದು ಕಣಕ್ಕಾ.

ಚಹಾ ಫ್ಲಾಸ್ಕಲ್ಲಿದೆ. ನಿನ್ನ ಬಿಳಿ ಕೋಟಿಗೆ ಇಸ್ತ್ರಿ ಹಾಕಿದ್ದೀನಿ, ಈ ಸಲ ಸುಟ್ಟಿಲ್ಲ.

ಇನ್ಮೇಲೆ ಏನೇ ತರಿಸೋ ಮುಂಚೆ ಅದರ ಫೋಟೋ ನಿನಗೆ ತೋರಿಸ್ತೀನಿ. ನಗಬೇಕಿದ್ದರೆ ನಗು, ಆದರೆ ನೋಡಲ್ಲ ಅಂತ ಮಾತ್ರ ಅನ್ನಬೇಡ.

ನಿನ್ನ ತಮ್ಮ