ಬಾಗಿಲು ಮುಟ್ಟಬೇಡಿ

ತರಬೇತಿ ವಸತಿಗೃಹ, ಮೂರನೆಯ ಮಹಡಿ
ಮಂಗಳವಾರ, ಹನ್ನೆರಡನೆಯ ತಾರೀಖು

ನನ್ನ ಪ್ರೀತಿಯ ಲಿಫ್ಟಿನವರಿಗೆ,

ನಾನು ಕ್ಷೇಮ. ನೀವೂ ಹಾಗೆಯೇ ಇರುವಿರೆಂದು ನಂಬಿದ್ದೇನೆ. ತಲುಪಿದ ವಾರವೇ ಪತ್ರ ಬರೆಯುತ್ತೇನೆಂದು ಹೇಳಿ ಹೊರಟವಳು ಹದಿನೆಂಟು ದಿನ ಸುಮ್ಮನಿದ್ದೆ, ಕ್ಷಮೆಯಿರಲಿ. ದಿನವೂ ಫೋನಿನಲ್ಲಿ ಮಾತನಾಡುವಾಗ ಈ ಕಾಗದವೇಕೆ ಎಂದು ನೀವು ಹುಬ್ಬೇರಿಸುತ್ತಿರಬಹುದು. ಫೋನಿನಲ್ಲಾದರೆ ನೀವು ನನ್ನನ್ನು ನಗಿಸಿಬಿಡುತ್ತೀರಿ. ಒಮ್ಮೆ ನಕ್ಕೆನೆಂದರೆ ನನ್ನ ವಾದ ಅಲ್ಲಿಗೆ ಮುಗಿಯಿತು. ಕಾಗದದ ಮಾತಿಗೆ ನೀವು ಅಡ್ಡಬಾಯಿ ಹಾಕಲಾರಿರಿ.

ಮೊದಲು ಇಲ್ಲಿನ ಸಮಾಚಾರ. ಕೊಠಡಿಯಲ್ಲಿ ಎರಡು ಮಂಚ, ಒಂದೇ ಮೇಜು. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ ಕೈಗೆಟುಕುವಷ್ಟು ಹತ್ತಿರ. ನನ್ನ ಜೊತೆಗಾತಿ ತಲೆ ಬಾಚಿಕೊಳ್ಳುವಾಗಲೂ ಕಾನೂನಿನ ಕಲಮುಗಳನ್ನು ಮಣಮಣ ಅನ್ನುತ್ತಿರುತ್ತಾಳೆ. ಮೊದಲ ಕಿರುಪರೀಕ್ಷೆಯಲ್ಲಿ ನಲವತ್ತು ಜನರಲ್ಲಿ ನಾನೇ ಮೊದಲು. ಜಂಬಕ್ಕೆ ಹೇಳುತ್ತಿಲ್ಲ. ಸುಳ್ಳೇಕೆ, ಜಂಬಕ್ಕೇ ಹೇಳುತ್ತಿದ್ದೇನೆ.

ಇನ್ನು ವಿಷಯಕ್ಕೆ ಬರುತ್ತೇನೆ. ಭಾನುವಾರ ನಾವು ಮಾತನಾಡುತ್ತಿದ್ದಾಗ ನಿಮ್ಮ ಕಡೆಯಿಂದ ಟಿಣ್ ಟಿಣ್ ಎಂದು ಸದ್ದು ಕೇಳಿಸಿತು. ಏನದು ಎಂದು ಕೇಳಿದ್ದಕ್ಕೆ, "ಓವನ್ ಕಣೇ, ಬ್ರೆಡ್ ಬಿಸಿಗಿಟ್ಟಿದ್ದೆ" ಅಂದಿರಿ. ನಮ್ಮ ಓವನ್ ಬಾಯಿ ಮುಚ್ಚಿ ಎರಡು ವರ್ಷವಾಯಿತು. ತಲೆನೋವು ಎಂದು ನಾನು ಗೊಣಗಿದ್ದಕ್ಕೆ ಅದನ್ನು ಬಿಚ್ಚಿ ಸದ್ದಡಗಿಸಿದವರು ನೀವೇ. ಸೀಟ್ ಬೆಲ್ಟ್ ಹಾಕದೆ ಗಾಡಿ ಚಾಲೂ ಮಾಡಿದರೆ ಕೂಗುವ ಸದ್ದು ಅದು.

ಆದರೂ ಒಂದೇ ಸಾಕ್ಷ್ಯವನ್ನು ನೆಚ್ಚಿ ತೀರ್ಮಾನಕ್ಕೆ ಬರುವವಳಲ್ಲ ನಾನು. ನಿನ್ನೆ ಕೆಳಮನೆಯ ನಿವೃತ್ತ ಟೀಚರಮ್ಮ ನನ್ನ ಯೋಗಕ್ಷೇಮ ಕೇಳಲು ಫೋನ್ ಮಾಡಿದ್ದರು. "ನಿನ್ನ ಗಂಡನ ಗಾಡಿ ಬೆಳಿಗ್ಗೆ ಎಂಟಕ್ಕೆ ಹೊರಟ್ರೆ ಸಂಜೆ ಆರಕ್ಕೆ ವಾಪಸ್. ಒಂದು ದಿನಾನೂ ತಪ್ಪಿಲ್ಲ ನೋಡು. ಎಂಥ ಶಿಸ್ತಿನ ಹುಡುಗ ಕಣಮ್ಮ!" ಎಂದು ಬಾಯ್ತುಂಬ ಹೊಗಳಿದರು. ನಿಮ್ಮ ಲೈಸೆನ್ಸು ನ್ಯಾಯಾಲಯದ ಕಪಾಟಿನಲ್ಲಿದೆ, ಇನ್ನೂ ಏಳು ತಿಂಗಳು ನೀವು ಸ್ಟಿಯರಿಂಗ್ ಮುಟ್ಟುವಂತಿಲ್ಲ ಎಂಬುದು ಪಾಪ ಅವರಿಗೇನು ಗೊತ್ತು? "ಹೌದು ಟೀಚರ್, ತುಂಬಾ ಶಿಸ್ತು" ಎಂದೆ.

ನೀವು ಹೇಳುವುದೆಲ್ಲ ನನಗೆ ಬಾಯಿಪಾಠವಾಗಿದೆ. ಲಿಫ್ಟ್ ಕಂಪನಿಯವರು ನಿಮ್ಮನ್ನು ರಿಪೇರಿಗೆ ಕರೆದೊಯ್ಯಲು ನಿಮ್ಮ ಹಿರಿಯ ಸಹೋದ್ಯೋಗಿ ಗ್ರೀಸ್ ಮಾವನನ್ನು ನೇಮಿಸಿದ್ದಾರೆ, ನಿಜ. "ಆ ಮನುಷ್ಯ ವ್ಯಾನ್ ಓಡಿಸಿದ್ರೆ ನಾವು ಹೋಗಿ ಬಾಗಿಲು ತೆಗೆಯೋ ಹೊತ್ತಿಗೆ ಲಿಫ್ಟಿನೊಳಗೆ ಸಿಕ್ಕಿಕೊಂಡೋರಿಗೆ ಗಡ್ಡ ಬಂದಿರುತ್ತೆ" ಅನ್ನುತ್ತೀರಿ. ನಾನು ನಗುತ್ತೇನೆ. ನಕ್ಕ ಬೆನ್ನಿಗೇ, "ಅವತ್ತು ನಾನು ಹಾಗೆ ಓಡಿಸದೇ ಇದ್ದಿದ್ರೆ ಈ ರ್ಯಾಂಕಮ್ಮನಿಗೆ ಪದಕ ಎಲ್ಲಿಂದ ಬರ್ತಿತ್ತು? ಎರಡು ನಿಮಿಷ ಇರೋವಾಗ ಗೇಟಿಗೆ ತಂದು ಬಿಟ್ಟಿದೀನಿ. ಅರ್ಜೆಂಟಿದ್ದಾಗ ಓಡಿಸೋದು ತಪ್ಪಲ್ಲ ಬಿಡು" ಎನ್ನುತ್ತೀರಿ. ನನ್ನ ಕೊನೆಯ ಪರೀಕ್ಷೆಯ ಬೆಳಿಗ್ಗೆ ನೀವು ದಾಟಿದ, ಕೊನೆಗೆ ನಿಮ್ಮ ಲೈಸೆನ್ಸನ್ನೇ ನುಂಗಿದ ಎರಡು ಕೆಂಪು ದೀಪಗಳ ಕಥೆಯನ್ನು ಪದಕ ಬಂದ ದಿನದಿಂದ ನಮ್ಮ ಮನೆಗೆ ಬಂದವರೆಲ್ಲ ಕೇಳಿದ್ದಾರೆ. ಸೈಕಲ್ಲಿನ ಹೆಂಗಸೊಬ್ಬಳು ಕೂದಲೆಳೆಯಲ್ಲಿ ಪಾರಾದದ್ದನ್ನು ಮಾತ್ರ ನೀವು ಯಾರಿಗೂ ಹೇಳುವುದಿಲ್ಲ.

ಕಳೆದ ಗುರುವಾರ ತರಬೇತಿಯ ಭಾಗವಾಗಿ ನಮ್ಮನ್ನು ನ್ಯಾಯಾಲಯಕ್ಕೆ ಕರೆದೊಯ್ದಿದ್ದರು. ಕಟಕಟೆಯಲ್ಲಿ ಬ್ರೆಡ್ ವ್ಯಾನಿನ ಚಾಲಕನೊಬ್ಬ ನಿಂತಿದ್ದ. ವಯಸ್ಸು ನಿಮ್ಮಷ್ಟೇ ಇರಬಹುದು. ಲೈಸೆನ್ಸ್ ಅಮಾನತಾಗಿದ್ದಾಗ ಮಗಳನ್ನು ಶಾಲೆಯಿಂದ ಕರೆತರಲು ಹೋಗಿ ಸಿಕ್ಕಿಬಿದ್ದವನು. ಯಾರಿಗೂ ಡಿಕ್ಕಿ ಹೊಡೆದಿರಲಿಲ್ಲ, ವೇಗವೂ ಮೀರಿರಲಿಲ್ಲ. "ನೀವು ಗಾಡಿ ಓಡಿಸುವಂತಿಲ್ಲ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ವಾ?" ಎಂದು ನ್ಯಾಯಾಧೀಶರು ಕೇಳಿದರು. ಯಾರೂ ಕರೆಯದೆಯೇ ಹಿಂದಿನ ಸಾಲಿನಿಂದ ಅವನ ಹೆಂಡತಿ ಎದ್ದು ನಿಂತಳು. "ನನಗೆ ಗೊತ್ತಿತ್ತು ಸ್ವಾಮಿ. ದಿನಾ ಹೇಳ್ತಿದ್ದೆ. ಒಂದೊಂದು ದಿನ ಸಾಕಾಗಿ ಸುಮ್ಮನಾಗ್ತಿದ್ದೆ" ಎಂದಳು. ಮೂರು ತಿಂಗಳ ಸಜೆಯಾಯಿತು. ಹೊರಬಂದಾಗ ಆಕೆ ಕಾರಿಡಾರಿನ ಬೆಂಚಿನ ಮೇಲೆ ಕೂತು ವ್ಯಾನಿನ ಬೀಗದಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದಳು, ಎಲ್ಲಿಡಬೇಕೆಂದು ತಿಳಿಯದವಳ ಹಾಗೆ. ಜೊತೆಗಾತಿ ಅದೆಲ್ಲವನ್ನೂ ಟಿಪ್ಪಣಿ ಮಾಡಿಕೊಂಡಳು. ನನ್ನ ಪುಸ್ತಕದ ಆ ಪುಟ ಖಾಲಿಯಿದೆ.

ಈಗ ನನ್ನ ಸ್ಥಿತಿಯನ್ನು ನೋಡಿ. ಇದೊಂದೇ ಸಲ ಎಂದು ಶನಿವಾರ ತೊಂಬತ್ತು ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬಂದು ನನ್ನನ್ನು ಕರೆದೊಯ್ಯುವುದಾಗಿ ಹೇಳಿದ್ದೀರಿ. ಪಕ್ಕದ ಸೀಟಿನಲ್ಲಿ ಕುಳಿತರೆ, ಸರಕಾರಿ ವಕೀಲೆಯಾಗಿ ಪ್ರಮಾಣ ಸ್ವೀಕರಿಸಬೇಕಾದವಳು ಗೊತ್ತಿದ್ದೂ ಕುಳಿತಂತಾಗುತ್ತದೆ. ಕುಳಿತುಕೊಳ್ಳದಿದ್ದರೆ ನೀವು ಸಿಟ್ಟಿನಲ್ಲಿ ಅಷ್ಟೂ ದೂರ ಒಬ್ಬರೇ ಓಡಿಸಿಕೊಂಡು ಹಿಂದಿರುಗುತ್ತೀರಿ. ಯಾರಿಗಾದರೂ ತಿಳಿಸಿದರೆ ನಿಮ್ಮನ್ನು ಹಿಡಿದುಕೊಟ್ಟವಳಾಗುತ್ತೇನೆ. ಸುಮ್ಮನಿದ್ದರೆ ಬೆಂಚಿನ ಮೇಲಿನ ಆ ಹೆಂಗಸಾಗುತ್ತೇನೆ. ಎತ್ತ ತಿರುಗಿದರೂ ಗೋಡೆ. ಯಾವ ಪ್ರಶ್ನೆಪತ್ರಿಕೆಯೆದುರೂ ಪೆನ್ನು ಕಚ್ಚುತ್ತ ಕೂತವಳಲ್ಲ ನಾನು. ಮೂರು ದಿನದಿಂದ ಹಾಗೇ ಕೂತಿದ್ದೇನೆ.

ನಾವು ಮೊದಲು ಭೇಟಿಯಾದದ್ದು ನೆನಪಿದೆಯೇ? ಭೇಟಿ ಎನ್ನುವುದೂ ಅತಿಶಯೋಕ್ತಿ, ನಡುವೆ ಉಕ್ಕಿನ ಬಾಗಿಲಿತ್ತು. ಕಾಲೇಜಿನ ಗ್ರಂಥಾಲಯದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗೆ ನಾನು, ನನ್ನ ಆರು ಪುಸ್ತಕಗಳು. ಬಾಗಿಲ ಸಂದಿಗೆ ಅಳತೆಪಟ್ಟಿ ತೂರಿಸಿ ಮೀಟುತ್ತಿದ್ದೆ. ಆಗ ಮೇಲಿನಿಂದ ನಿಮ್ಮ ದನಿ ಬಂತು: "ಮೇಡಂ, ಬಾಗಿಲು ಮುಟ್ಟಬೇಡಿ."

"ಸ್ವಲ್ಪ ಜರುಗಿದೆ, ಇನ್ನೊಂದು ಗೇಣು ತೆರೆದರೆ ನಾನೇ ಇಳಿಯಬಲ್ಲೆ" ಎಂದೆ.

"ನಿಂತ ಲಿಫ್ಟಿನೊಳಗೆ ಕೂತೋರು ಯಾರೂ ಸತ್ತಿಲ್ಲ ಮೇಡಂ. ಇಳೀತೀನಿ ಅಂತ ಬಾಗಿಲು ಮೀಟಿದೋರನ್ನ ಮಾತ್ರ ಕೆಳಗಿಂದ ಎತ್ಕೊಂಡು ಬಂದಿದೀನಿ. ಕೂತ್ಕೊಳ್ಳಿ. ಪುಸ್ತಕ ಇದ್ರೆ ಓದಿ."

ಐವತ್ತು ನಿಮಿಷ ಓದಿದೆ. ಯಾರ ಮಾತನ್ನೂ ಕೇಳದವಳು ನಿಮ್ಮ ಮುಖವನ್ನೇ ಕಾಣದೆ ನಿಮ್ಮ ಮಾತು ಕೇಳಿದೆ. ಬಾಗಿಲು ತೆರೆದಾಗ, "ಏನ್ ಮೇಡಂ, ಎಷ್ಟು ಪುಟ ಆಯ್ತು?" ಎಂದು ಕೇಳಿದಿರಿ. ನನ್ನ ಗರ್ವವೆಲ್ಲ ಅಲ್ಲೇ ಇಳಿಯಿತು.

ಅಮಾನತಿನ ಈ ಒಂದು ವರ್ಷ ನಿಮ್ಮ ಲಿಫ್ಟು ನಿಂತಿದೆ, ಅಷ್ಟೇ. ಕೆಳಗೆ ಬೀಳುವುದಿಲ್ಲ. ದಿನವೂ ಬೆಳಿಗ್ಗೆ ಎಂಟಕ್ಕೆ ನೀವು ಆ ಬಾಗಿಲನ್ನು ಮೀಟುತ್ತಿದ್ದೀರಿ. ನಿಮ್ಮ ಮಾತನ್ನೇ ನಿಮಗೆ ಹೇಳುತ್ತಿದ್ದೇನೆ: ಬಾಗಿಲು ಮುಟ್ಟಬೇಡಿ. ಗಾಡಿಯ ಎರಡೂ ಬೀಗದಕೈಗಳನ್ನು ಟೀಚರಮ್ಮನಿಗೆ ಕೊಟ್ಟು ನಿಜ ಹೇಳಿ, ಬೈಯುತ್ತಾರೆ, ಬೈಸಿಕೊಳ್ಳಿ. ಗ್ರೀಸ್ ಮಾವನ ಪಕ್ಕದಲ್ಲಿ ಕುಳಿತು ಹೋಗಿ. ಸಿಕ್ಕಿಕೊಂಡವರಿಗೆ ದಾರಿಯಿಂದಲೇ ಫೋನ್ ಮಾಡಿ ನನಗೆ ಹೇಳಿದಂತೆಯೇ ಧೈರ್ಯ ಹೇಳಿ. ನಿಮ್ಮ ದನಿ ತಲುಪಿದರೆ ಅರ್ಧ ಬಾಗಿಲು ತೆರೆದ ಹಾಗೆ. ಇದು ನನ್ನ ಸ್ವಂತ ಅನುಭವ. ಶನಿವಾರ ನಾನು ಬಸ್ಸಿನಲ್ಲೇ ಬರುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಹಾಳುಬಿದ್ದ ಆ ಬೂಟುಗಳನ್ನು ಇನ್ನಾದರೂ ಬದಲಿಸಿ. ನಿಮ್ಮ ಕೈಗಳಿಗೂ ಕಾಲುಗಳಿಗೂ, ಮೂಗಿನ ತುದಿಯಲ್ಲಿ ಕುಳಿತ ಆ ಸಿಟ್ಟಿಗೂ ಒಳ್ಳೆಯದಾಗಲಿ.

ಇಂತಿ ನಿಮ್ಮ
ರ್ಯಾಂಕಮ್ಮ

ಮರೆತ ಮಾತು: ಮರೆತದ್ದೇನೂ ಅಲ್ಲ. ಈ ಪತ್ರ ಹದಿನೆಂಟು ದಿನ ತಡವಾದದ್ದೇ ಇದರಿಂದ. ಆ ಬೆಳಿಗ್ಗೆ "ಏಳಿ ರೀ, ಎಂಟೂವರೆಗೆ ಪರೀಕ್ಷೆ, ಬಸ್ಸು ತಪ್ಪಿತು" ಎಂದು ನಿಮ್ಮನ್ನು ಎಬ್ಬಿಸಿದವಳು ನಾನು. ಎಂಟು ಇಪ್ಪತ್ತೆಂಟಕ್ಕೆ ನೀವು ನನ್ನನ್ನು ಗೇಟಿನಲ್ಲಿಳಿಸಿ, ಕಿಟಕಿಯಿಂದ ಹೆಬ್ಬೆರಳೆತ್ತಿ ತೋರಿಸಿ ಹೊರಟುಹೋದಿರಿ. ಗೇಟಿಗೆ ಬೀಗ ಹಾಕಿತ್ತು. "ಏನಮ್ಮ, ಇಷ್ಟು ಬೇಗ? ಹತ್ತೂವರೆಗಲ್ವಾ?" ಎಂದು ಕಾವಲುಗಾರ ನಕ್ಕ. ವೇಳಾಪಟ್ಟಿಯಲ್ಲಿ ನಾನು ಬೇರೊಂದು ವಿಷಯದ ಸಾಲನ್ನು ಓದಿದ್ದೆ. ತರಗತಿಗೇ ಮೊದಲಿಗಳು ಪರೀಕ್ಷೆಯ ವೇಳೆಯನ್ನೇ ತಪ್ಪು ಓದಿದ್ದಳು! ಕಲ್ಲುಬೆಂಚಿನ ಮೇಲೆ ಎರಡು ಗಂಟೆ ಕುಳಿತಿದ್ದೆ. ನಿಮಗೊಂದು ಫೋನ್ ಮಾಡಲಿಲ್ಲ. "ಅಷ್ಟು ಅವಸರ ಏನಿತ್ತು?" ಎಂದು ನಿಮ್ಮ ವಿಚಾರಣೆಯ ದಿನ ನ್ಯಾಯಾಧೀಶರು ಕೇಳಿದಾಗ ನೀವು ಎದೆಯುಬ್ಬಿಸಿ, "ಹೆಂಡತಿ ಪರೀಕ್ಷೆಗೆ ಎರಡೇ ನಿಮಿಷ ಇತ್ತು ಸ್ವಾಮಿ" ಎಂದಿರಿ. ಮೂರನೆಯ ಸಾಲಿನಲ್ಲಿದ್ದೆ. ಬ್ರೆಡ್ ವ್ಯಾನಿನವನ ಹೆಂಡತಿಯ ಹಾಗೆ ಎದ್ದು ನಿಲ್ಲುವುದು ನನ್ನಿಂದಾಗಲಿಲ್ಲ. ಎರಡು ನಿಮಿಷವಲ್ಲ ರೀ, ಎರಡು ಗಂಟೆ ಎರಡು ನಿಮಿಷವಿತ್ತು. ನೀವು ನಿಧಾನವಾಗಿ ಬಂದಿದ್ದರೂ, ಗ್ರೀಸ್ ಮಾವನೇ ಕರೆತಂದಿದ್ದರೂ ನನಗೆ ಅದೇ ಪದಕ ಬರುತ್ತಿತ್ತು. ಸುಳ್ಳು ಅರ್ಜೆಂಟಿನ ನೆನಪನ್ನು ನೆಚ್ಚಿ ಇನ್ನೊಂದು ದಿನ ಗಾಡಿ ಓಡಿಸಬೇಡಿ.

ಬಸ್ಸು ಶನಿವಾರ ಸಂಜೆ ಐದೂ ಹತ್ತಕ್ಕೆ ನಿಲ್ದಾಣಕ್ಕೆ ಬರುತ್ತದೆ. ವೇಳಾಪಟ್ಟಿಯನ್ನು ಮೂರು ಸಲ ಓದಿದ್ದೇನೆ. ಮನಸ್ಸಾದರೆ ನಡೆದುಕೊಂಡು ಬನ್ನಿ. ತಡವಾದರೂ ಕಾಯುತ್ತಿರುತ್ತೇನೆ. ಅವಸರವಿಲ್ಲ.